ಹಳೆಯ ಪಿಸ್ತೂಲು, ಒಂದು ಕಿಲೋ ಟ್ರಿಗರ್

ಸೆಕೆಂಡ್‌ಹ್ಯಾಂಡ್ ಪಿಸ್ತೂಲು ಕೊಂಡವರು ಅಂಕ ಕಡಿಮೆಯಾದ ಕೂಡಲೇ ದೂರುವುದು ನಳಿಗೆಯನ್ನು. ‘ಸವೆದುಹೋಗಿದೆ, ಬದಲಿಸಬೇಕು’ ಎಂಬ ತೀರ್ಪು ವಾರ ಕಳೆಯುವುದರೊಳಗೆ ಹೊರಬೀಳುತ್ತದೆ. ಮೈಸೂರಿನಲ್ಲಿ ಸ್ಪರ್ಧೆಗೆ ಅಭ್ಯಾಸ ಮಾಡುವ ಕೆಲವರ ಕೈಯಲ್ಲಿ ಇಂಥ ಪಾಯಿಂಟ್ 22 (ನಳಿಗೆಯ ತೂತು 0.22 ಇಂಚಿನ) ಪಿಸ್ತೂಲುಗಳನ್ನು ನೋಡಿದ್ದೇನೆ. ಹೊಸದಕ್ಕೆ ಲಕ್ಷಗಳಲ್ಲಿ ಹಣ ಸುರಿಯಬೇಕು, ಆದ್ದರಿಂದ ಹಿರಿಯ ಶೂಟರ್ ಒಬ್ಬರು ವರ್ಷಗಟ್ಟಲೆ ಬಳಸಿ ಬಿಟ್ಟಿದ್ದು ಕಿರಿಯರ ಪಾಲಿಗೆ ಬರುತ್ತದೆ. ನಳಿಗೆಯ ಮೇಲಿನ ಆರೋಪ ಮಾತ್ರ ಹೆಚ್ಚಿನ ಸಲ ಸುಳ್ಳು. ಪಾಯಿಂಟ್ 22ರ ಗುಂಡು ಮೃದುವಾದ ಸೀಸದ್ದು, ಮೇಲೆ ಮೇಣದ ಲೇಪವೂ ಇರುತ್ತದೆ. ಒಳ್ಳೆಯ ಉಕ್ಕಿನ ನಳಿಗೆ ಇಂಥ ಹತ್ತಾರು ಸಾವಿರ ಗುಂಡುಗಳನ್ನು ದಾಟಿಸಿಯೂ ಗಟ್ಟಿಯಾಗಿರುತ್ತದೆ.

ಒಂದು ಲೆಕ್ಕ ಹಾಕೋಣ. ಪಿಸ್ತೂಲನ್ನು ಮೇಜಿಗೆ ಬಿಗಿದು 25 ಮೀಟರ್ ದೂರಕ್ಕೆ ಹೊಡೆದಾಗ ಗುಂಡುಗಳು 25 ಮಿಲಿಮೀಟರ್ ಅಗಲದಲ್ಲಿ ಹರಡುತ್ತವೆ ಎಂದಿಟ್ಟುಕೊಳ್ಳಿ. ಅದನ್ನು ಹಿಡಿದ ಕೈಯ ಪಾಲಿನ ಹರಡು 80 ಮಿಲಿಮೀಟರ್ ಇರಲಿ. ಒಟ್ಟು 105 ಆಗುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳು ನೇರವಾಗಿ ಕೂಡಿಕೊಳ್ಳುವುದಿಲ್ಲ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಉತ್ತರ ಸುಮಾರು 84. ಈಗ ಸಾಲ ಮಾಡಿ ಹೊಸ ನಳಿಗೆ ಹಾಕಿಸಿ 25 ಅನ್ನು 15ಕ್ಕೆ ಇಳಿಸಿದಿರಿ ಎನ್ನಿ. ಒಟ್ಟು ಹರಡು 81ಕ್ಕೆ ಬರುತ್ತದೆ. ಸಿಕ್ಕಿದ ಲಾಭ ಮೂರು ಮಿಲಿಮೀಟರಿಗೂ ಕಡಿಮೆ. ನಳಿಗೆಯನ್ನು ಮುಟ್ಟದೆ ಕೈಯ ಪಾಲನ್ನು 80ರಿಂದ 60ಕ್ಕೆ ತಂದರೆ ಒಟ್ಟು 65ಕ್ಕೆ ಇಳಿಯುತ್ತದೆ. 25 ಮೀಟರ್ ನಿಖರತೆಯ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 50 ಮಿಲಿಮೀಟರ್ ಎಂಬುದನ್ನು ನೆನೆದರೆ ಎರಡರ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಆದ್ದರಿಂದ ಹಳೆಯ ಪಿಸ್ತೂಲನ್ನು ಸ್ಪರ್ಧೆಗೆ ಹದಗೊಳಿಸುವ ಕೆಲಸದಲ್ಲಿ ಮುಖ್ಯವಾದುದು, ಹಿಡಿದ ಕೈಯನ್ನು ಅದು ಕೆಡಿಸದಂತೆ ನೋಡಿಕೊಳ್ಳುವುದು. ಮೈಸೂರಿನ ಯಾದವಗಿರಿಯ ಯೆಜ್ಡಿ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಈ ಊರಿನಲ್ಲಿ ಆ ಬೈಕ್ ಓಡಿಸುವವರಿದ್ದಾರೆ. ಅವರ ಮೆಕ್ಯಾನಿಕ್ ಎಂಜಿನ್ನಿಗೆ ಹೊಸ ಬಲವನ್ನೇನೂ ತುಂಬುವುದಿಲ್ಲ; ಕಾರ್ಬುರೇಟರ್ ತೊಳೆದು, ಕಿಡಿ ಹೊತ್ತಿಸುವ ಪಾಯಿಂಟ್ ಸರಿಮಾಡಿ, ನಿನ್ನೆ ಹೇಗೆ ಚಾಲೂ ಆಯಿತೋ ಇಂದೂ ಹಾಗೆಯೇ ಆಗುವಂತೆ ಮಾಡುತ್ತಾನೆ. ಪಿಸ್ತೂಲಿನ ಕೆಲಸವೂ ಅದೇ ಜಾತಿಯದು.

ಅಮೆರಿಕದವರ ಬರಹಗಳನ್ನು ಓದಿ ಬಂದವರು ಇಲ್ಲಿ ತಕರಾರು ತೆಗೆಯುತ್ತಾರೆ. ಅಲ್ಲಿ ಹಳೆಯ ಪಿಸ್ತೂಲನ್ನು ನಿಖರಗೊಳಿಸುವುದೆಂದರೆ ಮೊದಲು ನಳಿಗೆಯ ಕೆಲಸವೇ. ಅದಕ್ಕೆ ಕಾರಣವಿದೆ. ಅವರು ಕೈಹಾಕಿದ್ದು ಜಾನ್ ಬ್ರೌನಿಂಗ್ ವಿನ್ಯಾಸದ, ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡ ಪಾಯಿಂಟ್ 45 ಪಿಸ್ತೂಲಿಗೆ. ಅದರಲ್ಲಿ ಪ್ರತಿ ಗುಂಡಿಗೂ ನಳಿಗೆಯು ಸ್ಲೈಡಿನ (ಮೇಲೆ ಹಿಂದೆ ಮುಂದೆ ಸರಿಯುವ ಲೋಹದ ಕವಚದ) ಜೊತೆ ಸ್ವಲ್ಪ ಹಿಂದೆ ಸರಿದು, ಹಿಂಬದಿ ಕೆಳಗೆ ಬಾಗಿ, ಮತ್ತೆ ಮೇಲೆದ್ದು ಬೀಗ ಹಾಕಿಕೊಳ್ಳುತ್ತದೆ. ಗುರಿಹಿಡಿಯುವ ಸೈಟ್ ಇರುವುದು ಸ್ಲೈಡಿನ ಮೇಲೆ. ನಳಿಗೆ ಪ್ರತಿಸಲ ಕೂದಲೆಳೆಯಷ್ಟು ಬೇರೆ ಜಾಗದಲ್ಲಿ ಕುಳಿತರೆ ಸೈಟ್ ಒಂದು ಕಡೆ ನೋಡುತ್ತದೆ, ಗುಂಡು ಇನ್ನೊಂದು ಕಡೆ ಹೋಗುತ್ತದೆ. ಹಾಗಾಗಿ ಸ್ಲೈಡಿನ ಸಡಿಲ ತೆಗೆಯುವುದು, ನಳಿಗೆಯ ತುದಿಗೆ ಬಿಗಿಯಾದ ಬುಷಿಂಗ್ ಎಂಬ ಉಂಗುರ ಕೂಡಿಸುವುದು ಅಲ್ಲಿ ಅರ್ಥವಿರುವ ಕೆಲಸ. ನಮ್ಮ ಪಾಯಿಂಟ್ 22 ಸ್ಪರ್ಧಾ ಪಿಸ್ತೂಲಿನಲ್ಲಿ ನಳಿಗೆ ಅಲುಗುವುದೇ ಇಲ್ಲ. ಬೀಗವೂ ಇಲ್ಲ. ತೋಟಾದ ಹಿಂದೆ ಇರುವ, ಬೋಲ್ಟ್ ಎಂಬ ಲೋಹದ ತುಂಡಿನ ತೂಕ ಮತ್ತು ಒಂದು ಸ್ಪ್ರಿಂಗ್, ಇವೆರಡೇ ಒತ್ತಡವನ್ನು ತಡೆದು ನಿಲ್ಲುತ್ತವೆ.  ಪಾಯಿಂಟ್ 45ರ ಉಪದೇಶವನ್ನು ಇದಕ್ಕೆ ಅನ್ವಯಿಸಿ ಹಣ ಕಳೆದುಕೊಳ್ಳುವುದು ಬೇಡ.

ಟ್ರಿಗರಿನ ವಿಷಯ ಬೇರೆ. ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲಬೇಕು.

ಅಂತರರಾಷ್ಟ್ರೀಯ ನಿಯಮದಂತೆ 25 ಮೀಟರ್ ಸ್ಪರ್ಧೆಯ ಪಿಸ್ತೂಲಿನ ಟ್ರಿಗರ್ ಕನಿಷ್ಠ 1000 ಗ್ರಾಂ ತಡೆಯಬೇಕು. 10 ಮೀಟರ್ ಏರ್ ಪಿಸ್ತೂಲಿಗೆ ಈ ಮಿತಿ 500 ಗ್ರಾಂ. ಪರೀಕ್ಷೆ ಸರಳ. ಪಿಸ್ತೂಲಿನ ಮೂತಿಯನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ಟ್ರಿಗರಿನ ನಡುವಿಗೆ ಒಂದು ಕಿಲೋ ತೂಕದ ಕೊಕ್ಕೆ ಸಿಕ್ಕಿಸಿ, ನಿಧಾನವಾಗಿ ಎತ್ತುತ್ತಾರೆ. ತೂಕ ಮೇಜಿನಿಂದ ಮೇಲೆದ್ದರೂ ‘ಟಕ್’ ಎನ್ನಬಾರದು. ಮೂರು ಅವಕಾಶ. ಮನೆಯಲ್ಲಿ ಸರಿಯಾಗಿ ಒಂದು ಕಿಲೋಗೆ ಕೂರಿಸಿಕೊಂಡು ಬಂದ ಪಿಸ್ತೂಲು ಸ್ಪರ್ಧೆಯ ಬೆಳಿಗ್ಗೆ ಕೈಕೊಡುವುದುಂಟು. ಎಣ್ಣೆ ಹಾಕಿದ್ದಕ್ಕೆ, ಸ್ಪ್ರಿಂಗ್ ದಣಿದಿದ್ದಕ್ಕೆ ಹತ್ತಿಪ್ಪತ್ತು ಗ್ರಾಂ ಆಚೀಚೆ ಆಗುತ್ತದೆ. ಅನುಭವಿಗಳು ಒಂದಿಷ್ಟು ಹೆಚ್ಚೇ ಇಟ್ಟುಕೊಳ್ಳುತ್ತಾರೆ.

ಒಂದು ಕಿಲೋ ಎಂದರೆ ಎಷ್ಟು? ನಿಯಮ ಒಪ್ಪುವ ಪಿಸ್ತೂಲಿನ ಗರಿಷ್ಠ ತೂಕ 1400 ಗ್ರಾಂ. ಅಂದರೆ ಒಂದೇ ಬೆರಳು ಪಿಸ್ತೂಲಿನ ತೂಕದ ಅರ್ಧಕ್ಕಿಂತ ಹೆಚ್ಚು ಬಲವನ್ನು ಅದರ ಮೇಲೆ ಹಾಕುತ್ತಿರುತ್ತದೆ. ಆ ಬಲ ನೇರ ಹಿಂದಕ್ಕೆ ಬೀಳದೆ ಐದು ಡಿಗ್ರಿ ಓರೆಯಾದರೆ ಸುಮಾರು 87 ಗ್ರಾಂ ಬಲ ಪಕ್ಕಕ್ಕೆ ತಳ್ಳುತ್ತದೆ. ಮೂತಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಿರುಗಿದರೂ 25 ಮೀಟರ್ ಆಚೆ ಗುಂಡು 44 ಮಿಲಿಮೀಟರ್ ದಾರಿ ತಪ್ಪುತ್ತದೆ. ನಡುಮಧ್ಯಕ್ಕೆ ಹಿಡಿದ ಗುರಿಯೂ ಹತ್ತರ ವೃತ್ತದಿಂದ ಹೊರಗೆ.

ಒಳಗೆ ನಡೆಯುವುದನ್ನು ಭೂತಗನ್ನಡಿಯಲ್ಲಿ ನೋಡಬೇಕು. ಬಡಿದು ತೋಟಾ ಹೊತ್ತಿಸುವ ಹ್ಯಾಮರಿನ ಬುಡದಲ್ಲಿ ಒಂದು ಸಣ್ಣ ಕಚ್ಚು, ಆ ಕಚ್ಚಿಗೆ ಮೂಗು ಸಿಕ್ಕಿಸಿ ನಿಂತ ಸೀಯರ್ ಎಂಬ ಚಿಕ್ಕ ಸನ್ನೆ. ಎರಡೂ ಒಂದನ್ನೊಂದು ಮುಟ್ಟುವುದು ಮಿಲಿಮೀಟರಿನ ಒಂದು ಭಾಗದಷ್ಟು ಅಗಲದಲ್ಲಿ ಮಾತ್ರ. ಹಳೆಯ ಪಿಸ್ತೂಲಿನಲ್ಲಿ ಆ ಗೆರೆಯ ಮೇಲೆ ಕಂದುಬಣ್ಣಕ್ಕೆ ತಿರುಗಿದ ಒಣ ಗ್ರೀಸ್, ಮಸಿ, ಒರೆಸುವ ಬಟ್ಟೆಯ ಎಳೆ, ಎಲ್ಲವೂ ಅಂಟಿಕೊಂಡಿರುತ್ತವೆ. ಹ್ಯಾಮರ್ ಸ್ಪ್ರಿಂಗಿನ ಬಲ ಈ ಎರಡು ಮುಖಗಳನ್ನು ಒತ್ತಿ ಹಿಡಿದಿದೆ. ಬೆರಳು ಮಾಡುವ ಕೆಲಸ ಅವುಗಳ ನಡುವಿನ ಘರ್ಷಣೆಯನ್ನು ಗೆಲ್ಲುವುದು. ನಿಂತ ವಸ್ತುವನ್ನು ಅಲುಗಿಸಲು ಬೇಕಾದ ಬಲ, ಅಲುಗುತ್ತಿರುವುದನ್ನು ಎಳೆಯಲು ಬೇಕಾದ ಬಲಕ್ಕಿಂತ ಹೆಚ್ಚು. ಮುಖಗಳು ಕೊಳೆಯಾಗಿದ್ದರೆ ಈ ಅಂತರ ಇನ್ನೂ ಹೆಚ್ಚುತ್ತದೆ. ಆಗ ಟ್ರಿಗರ್ ನಿಂತು ನಿಂತು ಜಾರುತ್ತದೆ. ಒಂದು ಸಲ 1000 ಗ್ರಾಂಗೆ ಬಿಟ್ಟರೆ ಮತ್ತೊಂದು ಸಲ 1150 ಬೇಡುತ್ತದೆ. ಬೆರಳು ಕಾದು ಕಾದು ಬೇಸತ್ತು ಒಮ್ಮೆ ಜಗ್ಗಿಬಿಡುತ್ತದೆ. ಆ 80 ಮಿಲಿಮೀಟರ್ ಹರಡಿನ ದೊಡ್ಡ ಪಾಲು ಹುಟ್ಟುವುದು ಇಲ್ಲಿ.

ಇಷ್ಟಕ್ಕೆ ಮದ್ದು ಹೆಚ್ಚಿನ ಸಲ ತೊಳೆಯುವುದು ಮತ್ತು ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಗ್ರೀಸನ್ನು ಸೂಜಿಮೊನೆಯಷ್ಟು ಹಚ್ಚುವುದು. ಅದರ ಹರಳುಗಳು ಪದರ ಪದರವಾಗಿದ್ದು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ, ಒತ್ತಡದಲ್ಲೂ ಹಿಂಡಿ ಹೊರಹೋಗುವುದಿಲ್ಲ. ಟ್ರಿಗರಿನ ಹಿಂದೆ ಇರುವ ತಡೆಸ್ಕ್ರೂವನ್ನೂ ನೋಡಬೇಕು. ಸೀಯರ್ ಬಿಟ್ಟ ಕ್ಷಣ ಬೆರಳಿನ ಒಂದು ಕಿಲೋ ಬಲಕ್ಕೆ ಎದುರಾಳಿಯೇ ಇಲ್ಲವಾಗಿ ಟ್ರಿಗರ್ ಹಿಂದಕ್ಕೆ ಧುಮುಕುತ್ತದೆ. ಆ ಧುಮುಕಾಟವನ್ನು ಗಿಡ್ಡ ಮಾಡುವುದು ಈ ಸ್ಕ್ರೂ. ಹ್ಯಾಮರ್ ಬಿದ್ದು ಮದ್ದು ಹೊತ್ತಿ ಗುಂಡು ನಳಿಗೆ ಬಿಡಲು ಬೇಕಾಗುವುದು ಕೆಲವೇ ಮಿಲಿಸೆಕೆಂಡು, ಮನುಷ್ಯ ಪ್ರತಿಕ್ರಿಯಿಸಲು ಬೇಕಾಗುವುದು ಸುಮಾರು 200 ಮಿಲಿಸೆಕೆಂಡು. ಒಮ್ಮೆ ಹೊರಟ ತಪ್ಪನ್ನು ಯಾವ ಒಲಿಂಪಿಕ್ ಶೂಟರೂ ನಡುದಾರಿಯಲ್ಲಿ ಹಿಡಿಯಲಾರರು.

ಒಂದು ಎಚ್ಚರಿಕೆಯನ್ನು ದನಿ ಏರಿಸಿಯೇ ಹೇಳಬೇಕು. ಸೀಯರಿಗೆ ಉಜ್ಜುಗಲ್ಲು ಹಿಡಿಯುವವರಿದ್ದಾರೆ. ಈ ಭಾಗಗಳಲ್ಲಿ ಗಡಸು ಮಾಡಿರುವುದು ಅನೇಕ ವೇಳೆ ಹೊರಮೈಯನ್ನು ಮಾತ್ರ. ಆ ತೆಳುಪದರ ಹೋದರೆ ಒಳಗಿನ ಮೆತ್ತನೆಯ ಉಕ್ಕು ದಿನದಿನಕ್ಕೂ ಸವೆಯುತ್ತದೆ, ಕೋನ ತಪ್ಪುತ್ತದೆ. ಆಮೇಲೆ ಬೋಲ್ಟ್ ಮುಂದೆ ಬಂದ ಹೊಡೆತಕ್ಕೇ ಹ್ಯಾಮರ್ ಜಾರಬಹುದು, ಬೆರಳು ಕೇಳದಿದ್ದರೂ ಎರಡನೆಯ ಗುಂಡು ಹಾರಬಹುದು. ಮೈಸೂರಿನ ಕೈಗಾರಿಕಾ ಪ್ರದೇಶಗಳಾದ ಮೆಟಗಳ್ಳಿಯಲ್ಲೋ ಹೆಬ್ಬಾಳದಲ್ಲೋ ಕೂದಲೆಳೆಯಷ್ಟು ನಿಖರವಾಗಿ ಲೋಹ ಕೊರೆಯುವ ಕುಶಲಿಗಳಿದ್ದಾರೆ, ನಿಜ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ ಮಾಡಲೂ, ಮಾರ್ಪಡಿಸಲೂ ಪರವಾನಗಿ ಬೇಕು. ಲೇತ್ ಇದ್ದ ಮಾತ್ರಕ್ಕೆ ಯಾರೂ ಮುಟ್ಟುವಂತಿಲ್ಲ. ಹಳೆಯ ವಿನ್ಯಾಸಕಾರರೂ ಇದನ್ನು ಯೋಚಿಸಿದ್ದರು ಎನಿಸುತ್ತದೆ. 1968ರಲ್ಲಿ ಬಂದ ಜರ್ಮನಿಯ ವಾಲ್ಥರ್ ಜಿಎಸ್‌ಪಿಯಲ್ಲಿ ಇಡೀ ಟ್ರಿಗರ್ ಘಟಕವನ್ನೇ ಕಳಚಿ ಬೇರೊಂದನ್ನು ಕೂಡಿಸಬಹುದು. ಸವೆದಿದ್ದನ್ನು ಉಜ್ಜುವ ಪ್ರಶ್ನೆಯೇ ಬರುವುದಿಲ್ಲ.

ಮುಂದಿನದು ಸ್ಪ್ರಿಂಗ್. ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಯಲ್ಲಿ ಐದೈದು ಗುಂಡುಗಳ ಸರಣಿಯನ್ನು ಮೊದಲು 150 ಸೆಕೆಂಡು, ಆಮೇಲೆ 20, ಕೊನೆಗೆ 10 ಸೆಕೆಂಡಿನಲ್ಲಿ ಮುಗಿಸಬೇಕು. ಹತ್ತು ಸೆಕೆಂಡಿನ ಸರಣಿಯಲ್ಲಿ ಒಂದು ಖಾಲಿ ತೋಟಾ ಸಿಕ್ಕಿಕೊಂಡರೆ ಲಯವೆಲ್ಲ ಹೋಯಿತು. 2.6 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 280 ಮೀಟರ್ ವೇಗದಲ್ಲಿ ಮುಂದೆ ಹೋದರೆ, ಅಷ್ಟೇ ಸಂವೇಗ ಬೋಲ್ಟಿಗೆ ಹಿಮ್ಮುಖವಾಗಿ ಸಿಗುತ್ತದೆ. ಅದನ್ನು ಹೀರಿಕೊಂಡು ಮತ್ತೆ ಮುಂದೆ ತಳ್ಳುವುದು ಸ್ಪ್ರಿಂಗಿನ ಕೆಲಸ. ವರ್ಷಗಟ್ಟಲೆ ದುಡಿದ ಸ್ಪ್ರಿಂಗ್ ಗಿಡ್ಡವಾಗುತ್ತದೆ. ಬೋಲ್ಟ್ ಹಿಂದಿನ ಗೋಡೆಗೆ ಬಡಿದು ಕೈ ಎಗರುತ್ತದೆ, ಮುಂದಿನ ಗುರಿಗೆ ಮರಳುವುದು ತಡವಾಗುತ್ತದೆ. ಹಾಗೆಂದು ಅತಿ ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ಬಾಯಲ್ಲೇ ಕಚ್ಚಿಕೊಳ್ಳುತ್ತದೆ. ಹೊಸ ಸ್ಪ್ರಿಂಗಿನ ಪಕ್ಕ ಹಳೆಯದನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಿ, ಗಿಡ್ಡವಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಇಷ್ಟು ಅಗ್ಗದ, ಇಷ್ಟು ಪರಿಣಾಮದ ಬದಲಾವಣೆ ಇಡೀ ಪಿಸ್ತೂಲಿನಲ್ಲಿ ಮತ್ತೊಂದಿಲ್ಲ.

ಕೊಳೆಯ ಬಗ್ಗೆ ಸ್ಥಳೀಯವಾದ ಒಂದು ಮಾತು. ಆಯುಧಪೂಜೆಯ ದಿನ ಪಿಸ್ತೂಲಿಗೆ ಅರಿಶಿನ, ಕುಂಕುಮ ಹಚ್ಚುವುದು ನಮ್ಮಲ್ಲಿ ಸಹಜ. ಆದರೆ ನುಣ್ಣನೆಯ ಪುಡಿ ಎಣ್ಣೆಯೊಡನೆ ಸೇರಿದರೆ ಸೀಯರಿನ ಗೆರೆಯಲ್ಲಿ ಕೂರುತ್ತದೆ. ಪೆಟ್ಟಿಗೆಗೆ ಹಚ್ಚಿದರೂ ದೇವಿ ಒಪ್ಪಿಕೊಳ್ಳುತ್ತಾಳೆ. ಆ ಪೆಟ್ಟಿಗೆಯೊಳಗಿನ ಸ್ಪಂಜು ತೇವ ಹೀರಿಟ್ಟುಕೊಳ್ಳುತ್ತದೆ ಎಂಬುದೂ ನೆನಪಿರಲಿ. ಮಂಡ್ಯದ ನಾಲೆ ಬಯಲಿನ ಊರುಗಳಲ್ಲಿ ಒಂದು ಮಳೆಗಾಲ ಮುಚ್ಚಿಟ್ಟರೆ ಸ್ಪಂಜು ತಾಗಿದ ಮೈಯಲ್ಲಿ ತುಕ್ಕು ಏಳುವುದು ಖಂಡಿತ.

ಸೈಟ್ ವಿಷಯ ಬೇಗ ಮುಗಿಯುತ್ತದೆ. ಮುಂದಿನ ಮತ್ತು ಹಿಂದಿನ ಸೈಟುಗಳ ಅಂತರ 220 ಮಿಲಿಮೀಟರ್ ದಾಟಬಾರದು. ಆ ಅಂತರದಲ್ಲಿ ಮುಂದಿನ ಸೈಟ್ 0.1 ಮಿಲಿಮೀಟರ್ ಆಚೀಚೆಯಾದರೆ ಗುರಿಯಲ್ಲಿ 11 ಮಿಲಿಮೀಟರ್ ತಪ್ಪು. ಹಿಂದಿನ ಸೈಟಿನ ಸ್ಕ್ರೂ ಸಡಿಲವಾಗಿದ್ದರೆ ಪ್ರತಿ ಹೊಡೆತಕ್ಕೂ ಅದು ಅಷ್ಟು ಸರಿಯುತ್ತದೆ, ಶೂಟರ್ ತನ್ನ ಕೈಯನ್ನು ಬೈದುಕೊಳ್ಳುತ್ತಿರುತ್ತಾನೆ.

ಹಿಡಿ ಮಾತ್ರ ಬೇರೊಬ್ಬರ ಕೈಗೆ ಕೆತ್ತಿದ್ದು. ಹಿಂದಿನ ಮಾಲೀಕರ ಅಂಗೈಗೆ ಹೊಂದುವಂತೆ ಉಬ್ಬುತಗ್ಗು ಮಾಡಿದ ಮರವನ್ನು ಹಿಡಿದು ನೀವು ಹೊಡೆದರೆ, ಪ್ರತಿಸಲ ಕೈ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಮಣಿಕಟ್ಟಿನ ಕೋನ ಬದಲಾಗುತ್ತದೆ, ಬೆರಳಿನ ಎಳೆತ ಓರೆಯಾಗುತ್ತದೆ, ಮೇಲೆ ಹೇಳಿದ 87 ಗ್ರಾಂ ಅಲ್ಲಿಂದ ಬರುತ್ತದೆ. ಬೀಟೆಮರದಲ್ಲಿ ಕುಸುರಿ ಮಾಡುವ ಊರಿನಲ್ಲಿ ಇದಕ್ಕೆ ಕೈ ಹುಡುಕುವುದು ಕಷ್ಟವಲ್ಲ. ಮರದ ನಾರು ಯಾವ ಕಡೆ ಓಡುತ್ತದೆ, ಎಲ್ಲಿ ಸೀಳುತ್ತದೆ ಎಂದು ಬಲ್ಲವರು ಇಲ್ಲಿ ಸಿಗುತ್ತಾರೆ. ಪಿಸ್ತೂಲನ್ನು ಅಂಗಡಿಗೆ ಒಯ್ಯಬೇಡಿ, ಕಳಚಿದ ಹಿಡಿಯನ್ನಷ್ಟೇ ಒಯ್ಯಿರಿ. ಮಣಿಕಟ್ಟನ್ನು ಆವರಿಸುವಂತೆ ಕೆತ್ತಿಸಿದರೆ ನಿಯಮ ಒಪ್ಪುವುದಿಲ್ಲ. ಅಂಗೈ ಕೆಳಗಿನ ಆಸರೆಯ ಹಲಗೆ ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಮೇಲಕ್ಕೆ ಮಡಚಿರಬಾರದು.

ಗುಂಡುಗಳ ಆಯ್ಕೆಯಲ್ಲಿ ಜನ ಬೇಗ ಮೋಸಹೋಗುತ್ತಾರೆ. ಒಂದೇ ಕಂಪನಿಯ ಒಂದೇ ಹೆಸರಿನ ತೋಟಾಗಳೂ ತಯಾರಿಯ ಒಂದು ಕಂತಿನಿಂದ ಇನ್ನೊಂದಕ್ಕೆ ಬೇರೆಯಾಗುತ್ತವೆ. ಪಿಸ್ತೂಲನ್ನು ಬಿಗಿದು ಐದು ಗುಂಡು ಹೊಡೆದು, ಚಿಕ್ಕ ಗುಂಪು ಬಂತೆಂದು ಹತ್ತು ಪೆಟ್ಟಿಗೆ ತರುವುದು ತಪ್ಪು ಲೆಕ್ಕ. ಐದು ಗುಂಡಿನ ಗುಂಪು ಅದೃಷ್ಟದಿಂದಲೂ ಚಿಕ್ಕದಾಗಿರಬಹುದು. ಹೆಚ್ಚು ಗುಂಡು ಹೊಡೆದಷ್ಟೂ ಗುಂಪು ಅಗಲವಾಗುವುದೇ ಸಹಜ. ಹತ್ತು ಹತ್ತರ ಹಲವು ಗುಂಪುಗಳನ್ನು ಹೋಲಿಸಿದರೆ ಮಾತ್ರ ಏನಾದರೂ ತಿಳಿಯುತ್ತದೆ. ನಿಖರತೆಗಿಂತ ಮೊದಲು ನೋಡಬೇಕಾದುದು ಅದು ನಿಮ್ಮ ಸ್ಪ್ರಿಂಗಿಗೆ ಹೊಂದುತ್ತದೆಯೇ, ತಡೆಯಿಲ್ಲದೆ ಓಡುತ್ತದೆಯೇ ಎಂಬುದನ್ನು.

ಕೊಳ್ಳುವ ಮೊದಲೇ ನೋಡಬೇಕಾದ ಒಂದು ಜಾಗವಿದೆ, ತೋಟಾ ಕೂರುವ ಗೂಡಿನ ಬಾಯಂಚು. ಪಾಯಿಂಟ್ 22ರ ತೋಟಾದಲ್ಲಿ ಕಿಡಿಮದ್ದು ಇರುವುದು ತಳದ ಅಂಚಿನೊಳಗೆ, ಆದ್ದರಿಂದ ಫೈರಿಂಗ್ ಪಿನ್ ಹೊಡೆಯುವುದೂ ಅಂಚಿಗೇ. ತೋಟಾ ಇಲ್ಲದೆ ಟ್ರಿಗರ್ ಎಳೆಯುವ ಒಣ ಅಭ್ಯಾಸವನ್ನು ಎಲ್ಲ ಶೂಟರುಗಳೂ ಮಾಡುತ್ತಾರೆ, ಮಾಡಲೇಬೇಕು. ಆದರೆ ಪಿನ್ನಿಗೆ ತಡೆಯಿಲ್ಲದ ಮಾದರಿಯಲ್ಲಿ ಅದು ನೇರವಾಗಿ ಗೂಡಿನ ಅಂಚಿಗೆ ಬಡಿದು, ಕಾಲಕ್ರಮೇಣ ಅಲ್ಲಿ ಸಣ್ಣ ತಗ್ಗು ಮಾಡಿ ಲೋಹವನ್ನು ಒಳಕ್ಕೆ ಉಬ್ಬಿಸುತ್ತದೆ. ಟಾರ್ಚ್ ಹಿಡಿದು ನೋಡಿದರೆ ಅಂಚಿನ ಒಂದೇ ಜಾಗದಲ್ಲಿ ಉಗುರು ಒತ್ತಿದಂಥ ಗುರುತು ಕಾಣುತ್ತದೆ. ಅಂಥ ಪಿಸ್ತೂಲಿನಲ್ಲಿ ತೋಟಾ ಒಳಗೆ ಹೋಗಲು ಹಟ ಮಾಡುತ್ತದೆ, ಹೊರಬರಲು ಅದಕ್ಕಿಂತ ಹೆಚ್ಚು. ಪರವಾನಗಿ ಇರುವ ಆರ್ಮರರ್ (ಬಂದೂಕು ರಿಪೇರಿಗಾರ) ಬಳಿ ಇದಕ್ಕೆ ಉಪಕರಣವಿರುತ್ತದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತನಾಡಿ. ಮನೆಯ ಅಭ್ಯಾಸಕ್ಕೆ ಪ್ಲಾಸ್ಟಿಕ್ಕಿನ ಹುಸಿ ತೋಟಾ ಸಿಗುತ್ತದೆ, ಕೆಲವು ಹೊಡೆತಕ್ಕೊಮ್ಮೆ ತಿರುಗಿಸಿ ಇಟ್ಟರೆ ಬಹಳ ದಿನ ಬರುತ್ತದೆ.