ಜೀನ್ ಉತ್ಪರಿವರ್ತನೆ: ತೊಗರಿಯ ಕೀಡೆ ಹೇಳುವುದೇನು?

ಜೀವಕೋಶವು ಎರಡಾಗುವ ಮುನ್ನ ತನ್ನ ಡಿಎನ್ಎಯನ್ನು ನಕಲು ಮಾಡಿಕೊಳ್ಳುತ್ತದೆ. ಆಗ ತಿದ್ದುಪಡಿಗೆ ಸಿಗದೆ ಉಳಿದುಬಿಡುವ ವ್ಯತ್ಯಾಸವೂ, ವಿಕಿರಣ ಅಥವಾ ರಾಸಾಯನಿಕಗಳಿಂದ ಆಗುವ ಶಾಶ್ವತ ಬದಲಾವಣೆಯೂ ಉತ್ಪರಿವರ್ತನೆ, ಅಂದರೆ ಮ್ಯುಟೇಶನ್, ಎನಿಸಿಕೊಳ್ಳುತ್ತವೆ. ಡಿಎನ್ಎಯ ಸಂಕೇತದಲ್ಲಿ ಒಂದೇ ಅಕ್ಷರ ಬದಲಾಗಬಹುದು, ಒಂದು ತುಂಡು ಬಿಟ್ಟುಹೋಗಬಹುದು, ಇಡೀ ಜೀನ್ ಎರಡು ಬಾರಿ ಸೇರಿಕೊಳ್ಳಬಹುದು. ಹುಟ್ಟುವ ಪ್ರತಿ ಮಗುವಿನಲ್ಲೂ ತಂದೆತಾಯಿಯರಿಗಿಲ್ಲದ ಸುಮಾರು 60ರಿಂದ 70 ಹೊಸ ಬದಲಾವಣೆಗಳಿರುತ್ತವೆ. ಬಹುಪಾಲು ನಿರುಪದ್ರವಿ, ಕೆಲವು ಹಾನಿಕರ, ತೀರ ಕೆಲವು ಮಾತ್ರ ಉಪಕಾರಿ.

ಕಲಬುರಗಿಯ ತೊಗರಿ ಹೊಲಗಳಲ್ಲಿ, ಎಷ್ಟು ಎಣ್ಣೆ ಹೊಡೆದರೂ ಕಾಯಿಕೊರಕ ಕೀಡೆ ಸಾಯುತ್ತಿಲ್ಲ, ಔಷಧಿಗೆ ಒಗ್ಗಿಹೋಗಿದೆ ಎಂಬ ಮಾತು ಸಾಮಾನ್ಯ. ಆದರೆ ಯಾವ ಕೀಡೆಯೂ ತನ್ನ ಜೀವಿತದಲ್ಲಿ ವಿಷಕ್ಕೆ ಒಗ್ಗಿಕೊಂಡು ಆ ಗುಣವನ್ನು ಮರಿಗಳ ಜೀನುಗಳಲ್ಲಿ ಬರೆದಿಡುವುದಿಲ್ಲ. ಲಕ್ಷಾಂತರ ಹುಳುಗಳಲ್ಲಿ ಕೆಲವಕ್ಕೆ ವಿಷವನ್ನು ತಾಳುವ ಬದಲಾವಣೆ ಸಿಂಪಡಣೆಗೆ ಮೊದಲೇ ಇರುತ್ತದೆ. ಉಳಿದವು ಸತ್ತಾಗ ಅವುಗಳ ಸಂತತಿಯೇ ಹೊಲವನ್ನು ತುಂಬುತ್ತದೆ. ಅಗತ್ಯವನ್ನು ನೋಡಿ ಉತ್ಪರಿವರ್ತನೆ ಹುಟ್ಟುವುದಿಲ್ಲ ಎಂಬುದನ್ನು 1943ರಲ್ಲಿ ಲೂರಿಯಾ ಮತ್ತು ಡೆಲ್ಬ್ರೂಕ್ ಬ್ಯಾಕ್ಟೀರಿಯಾಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ವಿಕಾಸವಾದದ ಕುರಿತ ವಾದಗಳಲ್ಲಿ ಹೆಚ್ಚಿನ ಗೊಂದಲ ಇಲ್ಲಿಯೇ ಎಂದು ನನಗನ್ನಿಸುತ್ತದೆ: ಬದಲಾವಣೆ ಹುಟ್ಟುವುದು ಆಕಸ್ಮಿಕ, ಆದರೆ ಅದು ಉಳಿಯುವುದು ಆಕಸ್ಮಿಕವೊಂದರಿಂದಲೇ ಅಲ್ಲ. ಈ ಎರಡನೆಯ ಹಂತಕ್ಕೆ ನೈಸರ್ಗಿಕ ಆಯ್ಕೆ ಎಂದು ಹೆಸರು.

ಅಮೆರಿಕದಲ್ಲಿ ಬೆಳೆದ 'ಬುದ್ಧಿವಂತ ವಿನ್ಯಾಸ' ವಾದದ ಆಕ್ಷೇಪವೆಂದರೆ, ಉತ್ಪರಿವರ್ತನೆ ಇದ್ದುದನ್ನು ಕೆಡಿಸೀತೇ ಹೊರತು ಹೊಸದನ್ನು ಕಟ್ಟಲಾರದು ಎಂಬುದು. ಒಂದು ಭಾಗ ತೆಗೆದರೂ ಕೆಲಸ ನಿಂತುಹೋಗುವ ಜೀವಕೋಶದ ವ್ಯವಸ್ಥೆಗಳು ಹಂತಹಂತವಾಗಿ ಬರಲಾರವು, ಅವುಗಳ ಹಿಂದೆ ವಿನ್ಯಾಸಕನಿರಬೇಕು ಎಂದು ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ 1996ರಲ್ಲಿ ವಾದಿಸಿದರು. ಪ್ರಶ್ನೆ ಗಂಭೀರವಾದುದು, ಅದಕ್ಕೆ ಒಂದು ಉತ್ತರ ಇದೇ ಕಾಯಿಕೊರಕದಲ್ಲಿದೆ. ಆಸ್ಟ್ರೇಲಿಯಾದ ಕಾಯಿಕೊರಕಗಳಲ್ಲಿ ಅಕ್ಕಪಕ್ಕದ ಎರಡು ಜೀನುಗಳ ತುಂಡುಗಳು ಕೂಡಿಕೊಂಡು ಮೂರನೆಯ ಜೀನ್ ಒಂದು ಉಂಟಾಗಿರುವುದನ್ನು 2012ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಮೂಲದ ಎರಡೂ ಜೀನುಗಳ ಕಿಣ್ವಗಳಿಗೆ ಸಾಧ್ಯವಾಗದಿದ್ದ ಕೆಲಸವನ್ನು, ಅಂದರೆ ಫೆನ್ವಲರೇಟ್ ಎಂಬ ಕೀಟನಾಶಕವನ್ನು ನಿರ್ವಿಷಗೊಳಿಸುವುದನ್ನು, ಈ ಹೊಸ ಕಿಣ್ವ ಮಾಡುತ್ತದೆ. ರೈತನಿಗೆ ಇದು ನಷ್ಟವೇ. ಆದರೆ ಕೀಡೆಯ ಪಾಲಿಗೆ ಮೊದಲಿರದ ಸಾಮರ್ಥ್ಯವೊಂದು ಬಂದಿದೆ.

ಬುದ್ಧಿವಂತ ವಿನ್ಯಾಸವನ್ನು ಶಾಲೆಯ ಜೀವವಿಜ್ಞಾನ ತರಗತಿಗೆ ತರುವ ಕುರಿತು ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ ಎದ್ದ ಪ್ರಕರಣದಲ್ಲಿ, 2005ರಲ್ಲಿ ನ್ಯಾಯಾಲಯವು ಅದು ವಿಜ್ಞಾನವಲ್ಲವೆಂದು ತೀರ್ಪಿತ್ತಿತು. ದೇವರಿದ್ದಾನೆಯೇ ಎಂಬುದನ್ನು ಆ ತೀರ್ಪಾಗಲಿ ಜೀವವಿಜ್ಞಾನವಾಗಲಿ ನಿರ್ಣಯಿಸುವುದಿಲ್ಲ. ಜೀವವಿಜ್ಞಾನಿಗಳು ತಮ್ಮೊಳಗೆ ನಡೆಸುತ್ತಿರುವ ಚರ್ಚೆ ಬೇರೆಯದು: ಅಣುಮಟ್ಟದ ಬದಲಾವಣೆಗಳಲ್ಲಿ ಎಷ್ಟು ಪಾಲು ಆಯ್ಕೆಯಿಂದ ಉಳಿದದ್ದು, ಎಷ್ಟು ಪಾಲು ಲಾಭನಷ್ಟವಿಲ್ಲದೆ ಸುಮ್ಮನೆ ಹರಡಿದ್ದು ಎಂಬ ಪ್ರಶ್ನೆಯದು, ಅದನ್ನು 1968ರಲ್ಲಿ ಜಪಾನಿನ ಮೊಟೂ ಕಿಮುರಾ ಬಲವಾಗಿ ಮುಂದಿಟ್ಟರು.