ಐವತ್ತರ ನಂತರ ಗಿಟಾರ್: ತಂತಿ, ಬೆರಳು, ಶ್ರುತಿ

ಐವತ್ತು ದಾಟಿದ ಮೇಲೆ ಗಿಟಾರ್ ಕಲಿಯಲು ಹೊರಟವರಲ್ಲಿ ಹಲವರು ಬೆರಳು ಬಗ್ಗುವುದಿಲ್ಲವೆಂದು ಅದನ್ನು ಮೂಲೆಗೆ ಒರಗಿಸಿಬಿಡುತ್ತಾರೆ. ಈ ತೊಂದರೆಯಲ್ಲಿ ವಯಸ್ಸಿನ ಪಾಲು ಇದೆಯಾದರೂ ವಾದ್ಯದ ಪಾಲು ಅದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಮೊದಲು ತಂತಿಯ ವಿಚಾರವನ್ನು ನೋಡೋಣ.

ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರಿಗೆ ಅಂಗಡಿಯಲ್ಲಿ ‘ಲೈಟ್’ ಹೆಸರಿನಲ್ಲಿ ಸಿಗುವ 12ರ ಸೆಟ್ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಪಾಲು ಇರುವುದು) ಹಾಕಿದರೆ ಆರು ತಂತಿಗಳ ಒಟ್ಟು ಎಳೆತ 70 ಕಿಲೋಗ್ರಾಂ ದಾಟುತ್ತದೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಅದು ಸುಮಾರು ಅರ್ಧದಷ್ಟು. ಉಕ್ಕಿನ ನಾದವೇ ಬೇಕೆನ್ನುವವರು 10ರ ಸೆಟ್ಟಿಗೆ ಬದಲಾಯಿಸಿಕೊಳ್ಳಬಹುದು. (ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಹಾಕುವ ಸಾಹಸ ಮಾತ್ರ ಬೇಡ; ಅದರ ಹಲಗೆ ಅಷ್ಟು ಎಳೆತಕ್ಕೆಂದು ಮಾಡಿದ್ದಲ್ಲ.) ತಂತಿಯ ಎಳೆತವು ಅದರ ಕಂಪನಾಂಕದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಎಲ್ಲ ತಂತಿಗಳನ್ನೂ ಎರಡು ಅರ್ಧಸ್ವರಗಳಷ್ಟು ಇಳಿಸಿ ಶ್ರುತಿ ಮಾಡಿದರೆ ಎಳೆತ ಸುಮಾರು ಶೇ. 21ರಷ್ಟು ಕಡಿಮೆಯಾಗುತ್ತದೆ. ಆಮೇಲೆ ಎರಡನೆಯ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಪಟ್ಟಿಗೆ) ಕೇಪೊ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್, ಹಾಕಿದರೆ ಶ್ರುತಿ ಮೊದಲಿನಂತೆಯೇ ಆಗುತ್ತದೆ, ಬೆರಳು ಚಾಚಬೇಕಾದ ದೂರವೂ ತಗ್ಗುತ್ತದೆ: ತಂತಿಯ ಕಂಪಿಸುವ ಭಾಗದ ಉದ್ದ 648 ಮಿಲಿಮೀಟರ್ ಇರುವ ಗಿಟಾರಿನಲ್ಲಿ ಮೊದಲ ಮೂರು ಮನೆಗಳ (ಫ್ರೆಟ್‌ಗಳ ನಡುವಿನ ಜಾಗಗಳ) ಒಟ್ಟು ಅಗಲ ಸುಮಾರು 103 ಮಿಲಿಮೀಟರ್ ಇದ್ದರೆ, ಕೇಪೊದ ಮುಂದಿನ ಮೂರು ಮನೆಗಳಿಗೆ ಅದು 92ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟಾದರೂ ತಂತಿ ಒತ್ತುವುದು ಕಷ್ಟವೆನಿಸಿದರೆ, ತಂತಿಯ ಎತ್ತರವನ್ನು ಬಲ್ಲವರಿಂದ ಸರಿಪಡಿಸಿಕೊಳ್ಳುವುದೇ ಉಳಿದಿರುವ ದಾರಿ.

ಬೆರಳನ್ನು ಮನೆಯ ನಡುವೆ ಇಡದೆ ಫ್ರೆಟ್ ಪಟ್ಟಿಗೆ ಒತ್ತಿಕೊಂಡಂತೆ, ಅದರ ಹಿಂಬದಿಯಲ್ಲಿ ಇಡಬೇಕು. ತಂತಿಯನ್ನು ಮೊದಲು ಹಗುರಾಗಿ ಮುಟ್ಟಿ, ಮೀಟುತ್ತಲೇ ಒತ್ತಡವನ್ನು ಹೆಚ್ಚಿಸುತ್ತ ಹೋಗಿ, ಕರಕರ ಸದ್ದು ನಿಂತ ಕ್ಷಣದಲ್ಲಿ ಒತ್ತುವುದನ್ನು ನಿಲ್ಲಿಸಿ ನೋಡಿದರೆ, ನಾವು ಸಾಮಾನ್ಯವಾಗಿ ಅಗತ್ಯಕ್ಕಿಂತ ಎಷ್ಟು ಹೆಚ್ಚು ಬಲ ಹಾಕುತ್ತೇವೆಂಬುದು ತಿಳಿಯುತ್ತದೆ. ಬೆರಳತುದಿಯ ಉರಿ ಚರ್ಮ ಜಡ್ಡುಗಟ್ಟಿದಂತೆ ಕಡಿಮೆಯಾಗುತ್ತದೆ. ಆದರೆ ಹೆಬ್ಬೆರಳಿನ ಬುಡದಲ್ಲೋ ಮಣಿಕಟ್ಟಿನಲ್ಲೋ ನೋವು ಕಂಡರೆ ಆ ದಿನದ ಅಭ್ಯಾಸವನ್ನು ಅಲ್ಲಿಗೇ ಬಿಡಬೇಕು, ನೋವು ಮರುಕಳಿಸಿದರೆ ವೈದ್ಯರಿಗೆ ತೋರಿಸಬೇಕು. ಒಂದು ಗಂಟೆ ಒಂದೇ ಸಮನೆ ಕೂರುವುದಕ್ಕಿಂತ ದಿನಕ್ಕೆರಡು ಸಲ ಹದಿನೈದು ನಿಮಿಷ ನುಡಿಸುವುದು ಈ ವಯಸ್ಸಿನ ಕೀಲುಗಳಿಗೆ ಹಿತ.

ಇನ್ನು ಶ್ರುತಿಯ ವಿಷಯ. ಚಿಕ್ಕಂದಿನಲ್ಲಿ ಸರಳೆ ವರಸೆ ಹಾಡಿದವರಿಗೆ ಗಿಟಾರಿನ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ. ಯಾವುದೇ ಒಂದು ತಂತಿಯನ್ನು ಷಡ್ಜವೆಂದುಕೊಂಡರೆ ಅದರ ಮುಂದಿನ ತೆಳು ತಂತಿ ಶುದ್ಧ ಮಧ್ಯಮದಲ್ಲಿರುತ್ತದೆ. ಮೂರನೆಯ ತಂತಿಯಿಂದ ಎರಡನೆಯದಕ್ಕೆ ಮಾತ್ರ ಅಂತರ ಗಾಂಧಾರ (ಎಣಿಕೆ ಅತಿ ತೆಳು ತಂತಿಯಿಂದ ಶುರು). ಐದನೆಯ ಫ್ರೆಟ್ ಒತ್ತಿ ಪಕ್ಕದ ತಂತಿಯನ್ನು ಕೂಡಿಸುವಾಗ ಅಲ್ಲೊಂದು ಕಡೆ ಮಾತ್ರ ನಾಲ್ಕನೆಯ ಫ್ರೆಟ್ ಒತ್ತುವುದು ಇದೇ ಕಾರಣಕ್ಕೆ. ಸರಳೆ ವರಸೆಯ ರಾಗವಾದ ಮಾಯಾಮಾಳವಗೌಳದ ಆರೋಹಣವು ಒಂದೇ ತಂತಿಯ ಮೇಲೆ ಬಿಡಿ ತಂತಿಯಿಂದ ಆರಂಭವಾಗಿ 1, 4, 5, 7, 8, 11, 12ನೆಯ ಫ್ರೆಟ್‌ಗಳಲ್ಲಿ ಸಿಗುತ್ತದೆ. ಹಾಡುತ್ತ ನುಡಿಸಿದರೆ ತಪ್ಪು ಮನೆ ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಗಮಕಗಳನ್ನು ಗಿಟಾರಿನಲ್ಲಿ ನುಡಿಸಲಾಗದು ಎಂದೇನೂ ಇಲ್ಲ, ಆರ್. ಪ್ರಸನ್ನ ಅವರ ಕರ್ನಾಟಕ ಸಂಗೀತದ ವಾದನವೇ ಅದಕ್ಕೆ ಸಾಕ್ಷಿ. ಆದರೆ ಅದು ಮೊದಲ ವರ್ಷದ ಕೆಲಸವಲ್ಲ.

ಕಾರ್ಡ್‌ಗಳಿಗೂ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಿಗೂ, ಇದೇ ತಿಳಿವಳಿಕೆ ನೆರವಾಗುತ್ತದೆ. ಷಡ್ಜ, ಅಂತರ ಗಾಂಧಾರ, ಪಂಚಮಗಳು ಒಟ್ಟಿಗೆ ನುಡಿದರೆ ಮೇಜರ್. ಅಂತರ ಗಾಂಧಾರದ ಬದಲು ಸಾಧಾರಣ ಗಾಂಧಾರವಾದರೆ ಮೈನರ್. ಇ ಮೇಜರ್ ಹಿಡಿದು ಮೂರನೆಯ ತಂತಿಯ ಮೊದಲ ಫ್ರೆಟ್ಟಿನಿಂದ ತೋರುಬೆರಳನ್ನು ಎತ್ತಿದರೆ ಸಾಕು, ಇ ಮೈನರ್ ಕೇಳುತ್ತದೆ.

ಹೊಸಬರನ್ನು ಸತಾಯಿಸುವ ಎಫ್ ಕಾರ್ಡನ್ನು, ಅಂದರೆ ತೋರುಬೆರಳನ್ನು ಅಡ್ಡಲಾಗಿ ಮಲಗಿಸಿ ಆರೂ ತಂತಿಗಳನ್ನು ಒತ್ತುವ ಹಿಡಿತವನ್ನು, ಸದ್ಯಕ್ಕೆ ದೂರವಿಡುವುದೇ ಜಾಣತನ. ಎ ಮೈನರ್‌ನಿಂದ ಸಿ ಮೇಜರ್‌ಗೆ ಹೋಗಲು ಉಂಗುರ ಬೆರಳೊಂದನ್ನು ಐದನೆಯ ತಂತಿಯ ಮೂರನೆಯ ಫ್ರೆಟ್ಟಿಗೆ ಸರಿಸಿದರೆ ಸಾಕು. ಅಲ್ಲಿಂದ ಉಂಗುರ ಬೆರಳನ್ನೂ ಮಧ್ಯದ ಬೆರಳನ್ನೂ ಒಂದೊಂದು ತೆಳು ತಂತಿಯ ಕಡೆಗೆ ಇಳಿಸಿ, ತೆಳು ಬದಿಯ ನಾಲ್ಕು ತಂತಿಗಳನ್ನಷ್ಟೇ ಮೀಟಿದರೆ ಎಫ್ ಮೇಜರ್ ಸೆವೆಂತ್ ಸಿಗುತ್ತದೆ. ಅನೇಕ ಹಾಡುಗಳಲ್ಲಿ ಎಫ್ ಬದಲು ಇದನ್ನೇ ಬಳಸಬಹುದು. ಈ ಮೂರೂ ಕಾರ್ಡ್‌ಗಳಲ್ಲಿ ತೋರುಬೆರಳು ಎರಡನೆಯ ತಂತಿಯ ಮೊದಲ ಫ್ರೆಟ್ ಬಿಟ್ಟು ಕದಲುವುದಿಲ್ಲ.