ಕೃಷ್ಣೆಯ ನೀರಿನ ಲೆಕ್ಕ: ಎತ್ತಿದ್ದೆಷ್ಟು, ಮರಳಿದ್ದೆಷ್ಟು?

ಮುಂಗಾರು ಆರಂಭವಾದೊಡನೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಓದುಗರು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಆಲಮಟ್ಟಿ ಜಲಾಶಯದ ನಾಲ್ಕು ಅಂಕಿಗಳನ್ನು: ನೀರಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ಗರಿಷ್ಠ ಮಟ್ಟ 519.60 ಮೀಟರ್, ಆಗಿನ ಸಂಗ್ರಹ 123.08 ಟಿಎಂಸಿ ಅಡಿ ಎಂಬುದು ಇಲ್ಲಿ ಅನೇಕರಿಗೆ ಬಾಯಿಪಾಠವಾಗಿದೆ. ಆದರೆ ಇಂತಹ ಜಲಾಶಯಗಳಲ್ಲಿ ಕಣ್ಣಾರೆ ಓದಿಕೊಳ್ಳುವ ಅಂಕಿ ಮಟ್ಟವೊಂದೇ. ಯಾವ ಮಟ್ಟಕ್ಕೆ ಎಷ್ಟು ಸಂಗ್ರಹ ಎಂಬುದನ್ನು ಮೊದಲೇ ಸಿದ್ಧಪಡಿಸಿದ ಕೋಷ್ಟಕದಿಂದ ತೆಗೆಯುತ್ತಾರೆ. ಗೇಟುಗಳನ್ನು ಎಷ್ಟು ಎತ್ತಲಾಗಿದೆ, ವಿದ್ಯುತ್ ಘಟಕಗಳ ಮೂಲಕ ಎಷ್ಟು ನೀರು ಹೋಗಿದೆ ಎಂಬುದರ ಮೇಲೆ ಹೊರಹರಿವನ್ನು ಲೆಕ್ಕ ಹಾಕುತ್ತಾರೆ. ಸಂಗ್ರಹದಲ್ಲಾದ ಏರಿಳಿತಕ್ಕೆ ಹೊರಹೋದ ನೀರನ್ನು ಕೂಡಿಸಿ, ಬಂದದ್ದು ಇಷ್ಟಿರಬೇಕೆಂದು ಒಳಹರಿವನ್ನು ನಿರ್ಧರಿಸುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಸೂಕ್ಷ್ಮವಿದೆ. ಒಂದು ಟಿಎಂಸಿ ಅಡಿ ಎಂದರೆ 100 ಕೋಟಿ ಘನ ಅಡಿ. ದಿನವಿಡೀ 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹರಿದರೆ ಅಷ್ಟಾಗುತ್ತದೆ. ಜಲಾಶಯದ ನೀರು 400 ಚದರ ಕಿಲೋಮೀಟರ್ ಹರಡಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಮಟ್ಟದಲ್ಲಿ ಒಂದೇ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಓದಿದರೂ 40 ಲಕ್ಷ ಘನ ಮೀಟರ್ ನೀರು ಲೆಕ್ಕದಲ್ಲಿ ಹುಟ್ಟುತ್ತದೆ ಅಥವಾ ಮಾಯವಾಗುತ್ತದೆ. ಆ ದಿನದ ಒಳಹರಿವಿನಲ್ಲಿ ಅದು ಸುಮಾರು 1,600 ಕ್ಯೂಸೆಕ್ ಆಗಿ ಕಾಣಿಸಿಕೊಳ್ಳುತ್ತದೆ. ಪ್ರವಾಹದ ದಿನಗಳಲ್ಲಿ ಇದು ಗಣನೆಗೆ ಬರುವಂಥದ್ದಲ್ಲ; ಬೇಸಿಗೆಯಲ್ಲಿ ಮಾತ್ರ ಗಾಳಿಗೆ ಎದ್ದ ಅಲೆಯೊಂದೇ ಹೊಳೆಯ ನಿಜವಾದ ಹರಿವಿಗಿಂತ ದೊಡ್ಡದಾಗಿಬಿಡಬಹುದು. ಇನ್ನು, ಘಟಪ್ರಭೆ ಚಿಕ್ಕಸಂಗಮದ ಬಳಿ ಇದೇ ಹಿನ್ನೀರಿಗೆ ಸೇರುವುದರಿಂದ, ಒಳಹರಿವಿನ ಅಂಕಿಯೊಂದನ್ನೇ ನೋಡಿ ಅದರಲ್ಲಿ ಮಹಾರಾಷ್ಟ್ರದಿಂದ ಬಂದದ್ದೆಷ್ಟು, ಘಟಪ್ರಭೆಯ ಅಣೆಕಟ್ಟಾದ ಹಿಡಕಲ್‌ನಿಂದ ಬಂದದ್ದೆಷ್ಟು ಎಂದು ಬಿಡಿಸಿ ಹೇಳಲಾಗದು.

ರಾಜ್ಯಗಳ ನಡುವಿನ ಹಂಚಿಕೆಗೆ ಬಂದರೆ ಪ್ರಶ್ನೆ ಬೇರೆಯಾಗುತ್ತದೆ. 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿಯು ವಿಜಯವಾಡದಲ್ಲಿ 1894–95ರಿಂದ 78 ವರ್ಷ ದಾಖಲಾದ ಹರಿವನ್ನು ಆಧರಿಸಿ, ನೂರರಲ್ಲಿ 75 ವರ್ಷಗಳಲ್ಲಾದರೂ ಕೃಷ್ಣೆಯಲ್ಲಿ 2,060 ಟಿಎಂಸಿ ಅಡಿ ನೀರು ಸಿಗುತ್ತದೆಂದು ಕಂಡುಕೊಂಡಿತು. ಅದರಲ್ಲಿ ಕರ್ನಾಟಕಕ್ಕೆ 700, ಮಹಾರಾಷ್ಟ್ರಕ್ಕೆ 560, ಅವಿಭಜಿತ ಆಂಧ್ರಪ್ರದೇಶಕ್ಕೆ 800 ಎಂದು ಹಂಚಿತು. ಈ ಅಂಕಿಗಳ ಬಗ್ಗೆ ಐದು ದಶಕಗಳಿಂದ ಬೇಕಾದಷ್ಟು ಚರ್ಚೆ ನಡೆದಿದೆ. ಅದೇ ತೀರ್ಪಿನಲ್ಲಿರುವ, ಯಾವುದನ್ನು ಬಳಕೆಯೆಂದು ಎಣಿಸಬೇಕು ಎಂಬ ನಿಯಮಗಳನ್ನು ಓದಿದವರು ಕಡಿಮೆ. ನನ್ನ ಮಟ್ಟಿಗೆ ತೀರ್ಪಿನ ಜೀವ ಇರುವುದೇ ಅಲ್ಲಿ.

ಆ ನಿಯಮದಂತೆ, ನದಿಯ ನೀರು ಎಷ್ಟು ಕಡಿಮೆಯಾಯಿತೋ ಅಷ್ಟೇ ಬಳಕೆ. ಜಲಾಶಯದಲ್ಲಿ ಸುಮ್ಮನೆ ನಿಂತ ನೀರು ಬಳಕೆಯಲ್ಲ, ಅದರಿಂದ ಆವಿಯಾದದ್ದು ಬಳಕೆ. ಊರುಗಳಿಗೆ ಕುಡಿಯಲು ಎತ್ತಿದ ನೀರಿನಲ್ಲಿ ಶೇ 20ರಷ್ಟು, ಕೈಗಾರಿಕೆಗೆ ಎತ್ತಿದ್ದರಲ್ಲಿ ಶೇ 2.5ರಷ್ಟು ಮಾತ್ರ ಬಳಕೆ. ಉಳಿದದ್ದು ಹೊಳೆಗೆ ಮರಳುತ್ತದೆಂಬ ಭಾವನೆ. ಕೊಲ್ಹಾರದ ಬಳಿ ಎತ್ತಿ ವಿಜಯಪುರ ನಗರಕ್ಕೆ ಒಯ್ದ ನೀರಿನಲ್ಲಿ ನಿಜಕ್ಕೂ ಐದರಲ್ಲಿ ನಾಲ್ಕು ಪಾಲು ಕೃಷ್ಣೆಗೆ ಮರಳುತ್ತದೆಯೇ ಎಂದು ಕೇಳಬಹುದು, ಕೇಳಲೂ ಬೇಕು. ವಿದ್ಯುತ್ತಿನ ವಿಚಾರ ಇನ್ನೂ ಸ್ವಾರಸ್ಯಕರ: ಆಲಮಟ್ಟಿಯ 290 ಮೆಗಾವಾಟ್ ಘಟಕಗಳನ್ನು ತಿರುಗಿಸಿದ ನೀರು ಅಷ್ಟೂ ಕೃಷ್ಣೆಯಲ್ಲೇ ಕೆಳಗಿರುವ ನಾರಾಯಣಪುರ ಜಲಾಶಯದ ಕಡೆಗೇ ಹರಿಯುತ್ತದೆ, ಮಹಾರಾಷ್ಟ್ರದ ಕೊಯ್ನಾ ಜಲಾಶಯದಲ್ಲಿ ಅದೇ ಕೆಲಸಕ್ಕೆ ಪಶ್ಚಿಮಕ್ಕೆ ತಿರುಗಿಸಿದ ನೀರು ಅರಬ್ಬೀ ಸಮುದ್ರ ಸೇರಿ ಕೃಷ್ಣಾ ಕಣಿವೆಯ ಪಾಲಿಗೆ ಪೂರ್ತಿ ನಷ್ಟವಾಗುತ್ತದೆ.

ನೀರಾವರಿಯಲ್ಲಿ ನಿಯಮ ಬಿಗಿ. ಹೊಲಕ್ಕೆ ಬಿಟ್ಟ ನೀರಿನಲ್ಲಿ ಬಸಿದು ಹಳ್ಳ ಸೇರಿದ್ದನ್ನು ಕಳೆಯುವಂತಿಲ್ಲ, ಪೂರ್ತಿ ಬಳಕೆಯೆಂದೇ ಬರೆಯಬೇಕು. ಆದರೂ ಬಸಿನೀರು ಹೊಳೆಗೆ ಬರುತ್ತದೆಂಬುದನ್ನು ಒಪ್ಪಿ, ಅದನ್ನು 70 ಟಿಎಂಸಿ ಅಡಿ ಎಂದು ಅಂದಾಜಿಸಿ ಮೂರೂ ರಾಜ್ಯಗಳಿಗೆ ಪ್ರತ್ಯೇಕವಾಗಿ ಹಂಚಿದ್ದರಿಂದಲೇ ಕರ್ನಾಟಕದ ಪಾಲು 734ಕ್ಕೆ ಏರಿತು.

ಹುನಗುಂದ ಭಾಗದ ಮರೋಳ–ರಾಮಥಾಳ ಯೋಜನೆಯಲ್ಲಿ 24,000 ಹೆಕ್ಟೇರಿಗೆ ಹನಿ ನೀರಾವರಿ ರೂಪಿಸಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹನಿ ನೀರಾವರಿಯಿಂದ ಎರಡು ಬಗೆಯ ನೀರು ಉಳಿಯುತ್ತದೆ. ಮಣ್ಣಿನ ಮೇಲ್ಮೈಯಿಂದ ವ್ಯರ್ಥವಾಗಿ ಆವಿಯಾಗುತ್ತಿದ್ದ ನೀರು ಉಳಿದರೆ ಅದು ಇಡೀ ಕಣಿವೆಗೆ ಲಾಭ. ಬೇರಿಗಿಂತ ಕೆಳಗೆ ಬಸಿದು ಹೋಗುತ್ತಿದ್ದ ನೀರು ಉಳಿದರೆ ರೈತನಿಗೆ ಲಾಭವೇ ಹೊರತು, ಕೆಳಗಿನ ಹಳ್ಳಕ್ಕೋ ಬಾವಿಗೋ ಬರುತ್ತಿದ್ದ ನೀರು ಅಷ್ಟರಮಟ್ಟಿಗೆ ತಪ್ಪುತ್ತದೆ. ಉಳಿದ ನೀರಿನಲ್ಲಿ ಹೊಸ ಹೊಲಗಳನ್ನು ನೀರಾವರಿಗೆ ತಂದರಂತೂ ಹೊಳೆಯಿಂದ ಎತ್ತಿದ್ದು ಅಷ್ಟೇ ಇದ್ದರೂ, ಹೊಳೆ ಕಳೆದುಕೊಳ್ಳುವುದು ಹೆಚ್ಚಾಗಬಹುದು. ಹಾಗೆಂದು ಹನಿ ನೀರಾವರಿ ಬೇಡವೆನ್ನಲಾಗದು: ಅತಿಯಾಗಿ ನೀರುಂಡು ಸವಳು–ಜವಳಾದ ಕಬ್ಬಿನ ಹೊಲಗಳನ್ನು ಕಂಡವರಿಗೆ ಬಸಿನೀರು ಕಡಿಮೆಯಾಗುವುದೇ ದೊಡ್ಡ ಉಪಕಾರವೆಂದು ಗೊತ್ತು.

ಲೆಕ್ಕದ ಹೊರಗೆ ಉಳಿದ ದೊಡ್ಡ ಬಾಬ್ತು ಅಂತರ್ಜಲ. ಅದನ್ನು ಬಳಸಿದರೆ ಕೃಷ್ಣೆಯ ನೀರನ್ನು ಬಳಸಿದಂತಲ್ಲ ಎಂದು ಬಚಾವತ್ ತೀರ್ಪು ಸ್ಪಷ್ಟವಾಗಿ ಹೇಳಿದೆ. ನಿಸರ್ಗ ಅಂತಹ ಗೆರೆಯನ್ನು ಎಳೆದಿಲ್ಲ. ಮಳೆ ನಿಂತ ಮೇಲೆ ಹೊಳೆಯಲ್ಲಿ ಹರಿಯುವುದು ಬಹುಪಾಲು ದಂಡೆಯ ನೆಲದೊಳಗಿಂದ ಜಿನುಗುವ ನೀರೇ. ದಂಡೆಯ ಬಾವಿ, ಕೊಳವೆಬಾವಿಗಳು ಜೋರಾಗಿ ಎಳೆದರೆ ಆ ಜಿನುಗು ನಿಲ್ಲುತ್ತದೆ, ಇನ್ನೂ ಎಳೆದರೆ ಹೊಳೆಯ ನೀರೇ ನೆಲದೊಳಗೆ ಸರಿಯುತ್ತದೆ. ಬೇಸಿಗೆಯಲ್ಲಿ ಕೊಯ್ನಾದಿಂದ ನೀರು ಬಿಡಿಸಿಕೊಂಡಾಗ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜು ದಾಟಿದ್ದೆಲ್ಲವೂ ಕರ್ನಾಟಕದ ಹಿಪ್ಪರಗಿ ಬ್ಯಾರೇಜಿಗೆ ಬಂದು ಮುಟ್ಟುವುದಿಲ್ಲ. ಆ ಕೊರತೆಯಲ್ಲಿ ಆವಿಯ ಪಾಲೆಷ್ಟು, ಒಣಗಿದ ಪಾತ್ರ ಹೀರಿದ್ದೆಷ್ಟು, ದಂಡೆಯ ಪಂಪ್‌ಸೆಟ್‌ಗಳು ಎತ್ತಿದ್ದೆಷ್ಟು ಎಂದು ಬಿಡಿಸಬೇಕಾದರೆ, ಎರಡೂ ಬ್ಯಾರೇಜುಗಳ ಹರಿವಿನ ಜೊತೆಗೆ ನಡುವಿನ ಊರುಗಳ ಬಾವಿಗಳ ನೀರಿನ ಮಟ್ಟವನ್ನೂ ಅವೇ ದಿನಗಳಲ್ಲಿ ಅಳೆದು, ಎರಡೂ ರಾಜ್ಯಗಳು ಒಪ್ಪುವ ಒಂದೇ ವಹಿಯಲ್ಲಿ ಬರೆದಿಡಬೇಕಾಗುತ್ತದೆ.